ಬೆನ್ನ ಹಿಂದಿನ ಗಂಟು

ಫೆಬ್ರವರಿ 3, ಸೋಮವಾರ

ಸೊಸೆಗೆ ಅತ್ತೆಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಎಲ್ಲರೂ ಎಂದರೆ ನಾನೊಬ್ಬಳೇ. ಮೊಣಕಾಲು ಕ್ಷೇಮವಾಗಿಲ್ಲ. ಬಾಯಿ ಮಾತ್ರ ಕ್ಷೇಮವಾಗಿದೆ ಎಂದು ಗೋದಾಮಿನ ಹಮಾಲಿಗಳು ಹೇಳುತ್ತಾರೆ.

ನಿಮ್ಮ ಮದುವೆಯಾಗಿ ಎರಡು ವರ್ಷವಾಯಿತು. ನಾನು ನಿನಗೆ ಬರೆಯುತ್ತಿರುವುದು ಇದೇ ಮೊದಲು. ನನ್ನನ್ನು ಒಂದು ಮಾತು ಕೇಳದೆ ಮದುವೆಯಾದಿರಿ ಎಂಬ ಸಿಟ್ಟಿತ್ತು. ಮಗು ಹುಟ್ಟಿದಾಗ ಬಂದು ಒಂದು ದಿನ ಇದ್ದೆ, ಆಗಲೂ ನಿನ್ನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಆ ಸಿಟ್ಟಿಗೂ ವಯಸ್ಸಾಗಿದೆ, ಬಿಡು.

ನಿನ್ನ ಗಂಡ ಮೊನ್ನೆ ಗೋದಾಮಿನ ಆಫೀಸಿಗೆ ಫೋನು ಮಾಡಿದ್ದ. ಬಾಟಲಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕುಲುಮೆಯ ಕಾವಿನಲ್ಲಿ ಬೆಂದು ಮನೆಗೆ ಬಂದರೆ, ಹಗಲೆಲ್ಲ ಮಗು ಮಲಗಲು ಬಿಡುವುದಿಲ್ಲವಂತೆ. ಇರುವುದೊಂದೇ ಕೋಣೆ. "ನಿದ್ದೆ ಮಾಡಿ ಮೂರು ತಿಂಗಳಾಯ್ತಮ್ಮ, ತಲೆ ಕೆಟ್ಟುಹೋಗಿದೆ" ಅಂದ. ನಿನ್ನ ಫೋನು ಕೈಜಾರಿ ಒಡೆಯಿತು ಎಂದೂ ಹೇಳಿದ. ಮನೆ ನಡೆಸುವವಳಿಗೆ ಅಷ್ಟು ಅಜಾಗ್ರತೆ ಒಳ್ಳೆಯದಲ್ಲ.

ಇದರ ಜೊತೆ ಮಗುವಿಗೆ ಒಂದು ಚೀಲ ಹೊಲಿದು ಕಳಿಸಿದ್ದೇನೆ. ಮೆತ್ತನೆಯ ಬಟ್ಟೆ, ಎರಡು ಪದರ. ಮಗುವನ್ನು ಕುತ್ತಿಗೆಯವರೆಗೆ ಒಳಗೆ ಇಳಿಸಿ, ಎರಡೂ ಕೈಗಳನ್ನು ಪಕ್ಕಕ್ಕೆ ಒತ್ತಿ, ನಾಲ್ಕೂ ಪಟ್ಟಿಗಳನ್ನು ಬೆನ್ನ ಹಿಂದೆ ಕಟ್ಟು. ಗಂಟು ಬೆನ್ನಿಗೇ ಬರಬೇಕು. ಮುಂದೆ ಬಂದರೆ ಒದ್ದು ಒದ್ದು ಸಡಿಲ ಮಾಡಿಕೊಳ್ಳುತ್ತವೆ, ಕಳ್ಳಪಿಳ್ಳೆಗಳು. ಕೈಕಾಲು ಆಡದಿದ್ದರೆ ಮಗು ಬೆಚ್ಚುವುದಿಲ್ಲ, ಬೆಚ್ಚದಿದ್ದರೆ ಅಳುವುದಿಲ್ಲ. ನಿನ್ನ ಗಂಡನನ್ನೂ ಹೀಗೇ ಕಟ್ಟಿ ಬೆಳೆಸಿದ್ದು. ಮೂವತ್ತೆರಡು ವರ್ಷದಿಂದ ಗೋದಾಮಿನಲ್ಲಿ ಮೂಟೆಗಳ ಬಾಯಿ ಹೊಲಿಯುತ್ತಿದ್ದೇನೆ. ನನ್ನ ಹೊಲಿಗೆ ಹರಿದು ಒಂದು ಕಾಳು ನೆಲಕ್ಕೆ ಬಿದ್ದದ್ದಿಲ್ಲ.

ದೇವರು ಮಗುವನ್ನು ಕಾಯಲಿ.

ಒಬ್ಬನೇ ಮಗನ ತಾಯಿ,
ನಿನ್ನ ಅತ್ತೆ

*

ಫೆಬ್ರವರಿ 15

ಅತ್ತೆಯವರಿಗೆ ನಮಸ್ಕಾರಗಳು.

ಚೀಲ ತಲುಪಿತು. ನೀವು ಹೇಳಿದ ಹಾಗೇ ಕಟ್ಟುತ್ತಿದ್ದೇನೆ. ಮೊದಲ ದಿನ ಸ್ವಲ್ಪ ಕೊಸರಾಡಿದಳು, ಆಮೇಲೆ ಸುಮ್ಮನಾದಳು. ಬೆಳಿಗ್ಗೆ ಏಳಕ್ಕೆ ಕಟ್ಟಿದರೆ ಹಾಲಿಗೆ ಬಿಚ್ಚುತ್ತೇನೆ, ಮತ್ತೆ ಕಟ್ಟುತ್ತೇನೆ. ಅವರು ಮಧ್ಯಾಹ್ನ ಎರಡರವರೆಗೆ ಮಲಗುತ್ತಾರೆ. ಮನೆ ಕಲ್ಲಿನ ಹಾಗೆ ಇದೆ. ಪಾತ್ರೆ ಇಡುವಾಗ ಕೆಳಗೆ ಬಟ್ಟೆ ಹಾಕುತ್ತೇನೆ.

ಅಕ್ಷರ ಸೊಟ್ಟಗಿದೆ, ಮನ್ನಿಸಿ. ಮೊನ್ನೆ ಮೆಟ್ಟಿಲ ಮೇಲೆ ಕಾಲು ತಪ್ಪಿ ಬಿದ್ದೆ. ಬಲಗೈ ಬೆರಳು ಊದಿವೆ. ಬೆನ್ನ ಹಿಂದಿನ ಗಂಟು ಬಿಚ್ಚಲು ಹೊತ್ತು ಹಿಡಿಯುತ್ತದೆ, ಅಷ್ಟೆ. ಬೇರೇನಿಲ್ಲ.

ನಿಮ್ಮ ಸೊಸೆ

*

ಫೆಬ್ರವರಿ 26

ಸೊಸೆಗೆ,

ನಿಮ್ಮದು ನೆಲದ ಮನೆ. ಒಂದು ಹೊಸ್ತಿಲು ಬಿಟ್ಟರೆ ಹತ್ತಲು ಏನೂ ಇಲ್ಲ. ಮೆಟ್ಟಿಲನ್ನು ಎಲ್ಲಿಂದ ತಂದೆ ಮಗಳೇ?

ನಾನೂ ಹೀಗೇ ಹೇಳುತ್ತಿದ್ದೆ. ಬಾವಿಕಟ್ಟೆಯಲ್ಲಿ ಜಾರಿದೆ ಎನ್ನುತ್ತಿದ್ದೆ. ನಮ್ಮ ಬೀದಿಯಲ್ಲಿ ಇದ್ದದ್ದು ನಲ್ಲಿ. ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ನಿನ್ನ ಮಾವ ಸತ್ತು ಹದಿನಾಲ್ಕು ವರ್ಷವಾಯಿತು. ಇವತ್ತಿಗೂ ಯಾರಾದರೂ ಪಕ್ಕದಲ್ಲಿ ಕೈಯೆತ್ತಿ ತಲೆ ಕೆರೆದುಕೊಂಡರೆ ನನ್ನ ಕತ್ತು ತಾನಾಗಿಯೇ ಕುಗ್ಗುತ್ತದೆ.

ನಿನ್ನ ಗಂಡ ಕೆಟ್ಟವನಲ್ಲ. ಬೆಂಕಿಯ ಮುಂದೆ ನಿಂತವನಿಗೆ ನಿದ್ದೆಯೂ ಇಲ್ಲದಿದ್ದರೆ ರಕ್ತ ತಲೆಗೇರುತ್ತದೆ. ತಾಳಿಕೋ. ಮಗು ಅಳದ ಹಾಗೆ ನೋಡಿಕೋ, ಉಳಿದದ್ದು ತಾನೇ ಸರಿಹೋಗುತ್ತದೆ. ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿ ಮಾಡು. ಬೆಳಿಗ್ಗೆ ಸಂಜೆ ದೇವರ ಮುಂದೆ ನಿನ್ನ ಹೆಸರಿನಲ್ಲಿ ಒಂದು ದೀಪ ಹಚ್ಚುತ್ತೇನೆ.

ನಿನ್ನ ಅತ್ತೆ

*

ಮಾರ್ಚ್ 14, ಶುಕ್ರವಾರ

ಅತ್ತೆಯವರಿಗೆ,

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇನ್ನುಮುಂದೆ ಮನೆಗೆ ಬರೆಯಬೇಡಿ, ಕಾಗದ ಬಂದರೆ ಅವರೇ ಒಡೆದು ಓದುತ್ತಾರೆ. ಇಲ್ಲಿನ ನರ್ಸಮ್ಮನ ವಿಳಾಸ ಲಕೋಟೆಯ ಮೇಲಿದೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಮೊಮ್ಮಗಳು ಬೋರಲು ಬಿದ್ದಳು. ಶನಿವಾರ ಸಂಜೆ ಅವರು ಪಾಳಿಗೆ ಹೋದಮೇಲೆ ಚೀಲ ಬಿಚ್ಚಿ ಚಾಪೆಯ ಮೇಲೆ ಬಿಟ್ಟಿದ್ದೆ. ಒಂದು ಕಾಲನ್ನು ಅತ್ತ ಎಸೆದಳು, ಸೊಂಟ ತಿರುಗಿತು, ಕೈ ಮೈಯಡಿ ಸಿಕ್ಕಿಕೊಂಡಿತು. ಗುರ್ ಎಂದು ಎಳೆದುಕೊಂಡಳು. ಆಮೇಲೆ ತಲೆಯೆತ್ತಿ 'ಯಾರು ನನ್ನನ್ನ ತಿರುಗಿಸಿದ್ದು' ಅನ್ನೋ ಹಾಗೆ ನನ್ನನ್ನೇ ದುರುಗುಟ್ಟಿ ನೋಡಿದಳು. ತುಂಬ ದಿನಗಳ ಮೇಲೆ ಜೋರಾಗಿ ನಕ್ಕೆ. ಈಗ ಎಲ್ಲಿ ಬಿಟ್ಟರೂ ಚಿಮ್ಮುತ್ತಾಳೆ. ಮಿಡತೆ ಎಂದೇ ಕರೆಯುತ್ತೇನೆ.

ಸೋಮವಾರ ತೂಕ ಹಾಕಿಸಲು ಬಂದಿದ್ದೆ. ನರ್ಸಮ್ಮ ಚೀಲ ನೋಡಿ ತಕ್ಕಡಿಯನ್ನೇ ಬದಿಗೆ ಸರಿಸಿದರು.

"ಏನಮ್ಮಾ ಇದು, ಮಗೂನಾ ಮೂಟೇನಾ?"

"ನಮ್ಮತ್ತೆ ಹೊಲಿದುಕೊಟ್ಟದ್ದು."

"ಹೊಲಿಗೆ ಚೆನ್ನಾಗಿದೆ. ಬೋರಲಾಗ್ತಾಳಾ?"

"ಶನಿವಾರದಿಂದ."

"ಹಾಗಾದ್ರೆ ಇವತ್ತಿಗೆ ಇದು ಮುಗೀತು. ಮಗು ಹೊರಳೋಕೆ ಶುರು ಮಾಡಿದ ಮೇಲೆ ಕಟ್ಟಲೇಬಾರದು. ಕಟ್ಟಿದ ಮಗು ಬೋರಲಾದ್ರೆ ಕೈ ಊರೋಕಾಗಲ್ಲ, ಮುಖ ತಿರುಗಿಸೋಕಾಗಲ್ಲ. ಹಾಸಿಗೇಲೇ ಮೂಗು ಮುಚ್ಚಿಹೋಗತ್ತೆ. ಅಳೋದಕ್ಕೂ ಉಸಿರಿರಲ್ಲ, ಪಕ್ಕದಲ್ಲಿ ಕೂತಿದ್ರೂ ನಿನಗೆ ಗೊತ್ತಾಗಲ್ಲ."

ಏನು ಮಾಡಬೇಕೆಂದು ಕೇಳಿದೆ. ಗಟ್ಟಿ ಹಾಸಿಗೆ, ಸಮತಟ್ಟಾಗಿರಬೇಕು. ದಿಂಬು, ರಗ್ಗು, ಬೊಂಬೆ ಏನೂ ಹತ್ತಿರ ಇರಬಾರದು. ಮಲಗಿಸುವಾಗ ಪ್ರತಿ ಸಲವೂ ಅಂಗಾತ. "ಆಮೇಲೆ ತಾನಾಗಿ ಹೊರಳಿದ್ರೆ ಹೊರಳಲಿ, ಕೈ ಬಿಡಿಯಾಗಿದ್ರೆ ಅವಳ ಮೂಗನ್ನ ಅವಳೇ ನೋಡ್ಕೋತಾಳೆ" ಅಂದರು.

ಅವತ್ತೇ ಚೀಲ ಮಡಿಚಿಟ್ಟೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮಿಡತೆ ಹೊರಳಿ, ಕೈ ನೆಲಕ್ಕೆ ಬಡಿದುಕೊಂಡು ಅತ್ತಳು. ಅವರು ಎದ್ದರು. ಬೈಯಲಿಲ್ಲ. ನೀರಿನ ತಂಬಿಗೆ ತೆಗೆದುಕೊಂಡು ನನ್ನ ಕಿವಿಯ ಮೇಲೆ ಹೊಡೆದರು. ಬಿದ್ದವಳ ಬೆನ್ನ ಮೇಲೆ ಮೊಣಕಾಲೂರಿ, ಕೂದಲು ಹಿಡಿದು ಹಣೆಯನ್ನು ನೆಲಕ್ಕೆ ಕುಟ್ಟಿದರು. ಎಣಿಸುತ್ತಾ ಕುಟ್ಟಿದರು ಅತ್ತೆ, ಐದರವರೆಗೆ. ಆಮೇಲೆ ಅವರೇ ಕೂತು ಮಗುವಿಗೆ ಚೀಲ ಕಟ್ಟಿದರು, ನೀಟಾಗಿ, ನೀವು ಬರೆದ ಹಾಗೇ. "ಅಮ್ಮ ಹೇಳಿದ್ದಕ್ಕಿಂತ ಆ ನರ್ಸು ಹೆಚ್ಚೋ?" ಅಂದರು. ಹೋಗಿ ಮಲಗಿದರು.

ನಿನ್ನೆ ಒಲೆಯ ಹತ್ತಿರ ನಿಂತಿದ್ದೆ. ಮೂರು ಮಾರು ದೂರ. ಮಗು ತುಂಬ ಸುಮ್ಮನಿದೆಯಲ್ಲ ಎಂದು ತಿರುಗಿದರೆ, ಚೀಲದ ಸಮೇತ ಬೋರಲಾಗಿ, ಮುಖ ಹಾಸಿಗೆಯೊಳಗೆ ಇತ್ತು. ಮೇಲೆ ಕಾಣುತ್ತಿದ್ದದ್ದು ನಿಮ್ಮ ಗಂಟು ಮಾತ್ರ. ಎತ್ತಿದೆ. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಒಂದು ಸಲ ಬೆನ್ನು ತಟ್ಟಿದ ಮೇಲೆ ಉಸಿರು ಎಳೆದುಕೊಂಡಳು. ಅಳದಂತೆ ಬಾಯಿ ಮುಚ್ಚಿದೆ. ಹೌದು, ಅತ್ತೆ. ಆಗತಾನೇ ಉಸಿರು ಬಂದ ಬಾಯಿಯನ್ನು ನಾನೇ ಕೈಯಿಂದ ಮುಚ್ಚಿದೆ. ಅವರಿಗೆ ಎಚ್ಚರವಾಗುತ್ತದೆಂದು.

ಬಿಚ್ಚಿದರೆ ನಾನು ಸಾಯುತ್ತೇನೆ, ಕಟ್ಟಿದರೆ ಅವಳು. ಅವರು ಕೇಳುವುದು ನಿಮ್ಮ ಮಾತೊಂದೇ. ಚೀಲ ಬೇಡವೆಂದು ನೀವೇ ಯೋಚಿಸಿ ಹೇಳಿದ ಹಾಗೆ ಅವರಿಗೆ ಬರೆಯಿರಿ. ನಾನು ಬರೆದೆನೆಂದು ಮಾತ್ರ ತಿಳಿಯಬಾರದು. ಕಾಲು ಹಿಡಿಯುತ್ತೇನೆ.

ನಿಮ್ಮ ಸೊಸೆ

*

ಮಾರ್ಚ್ 19, ಬುಧವಾರ

ಮಗಳೇ,

ಕತ್ತರಿ ತೆಗೆದುಕೋ. ಬಿಚ್ಚಬೇಡ, ಕತ್ತರಿಸು. ಬಿಚ್ಚಿದರೆ ಅವನು ಮತ್ತೆ ಕಟ್ಟುತ್ತಾನೆ. ಪಟ್ಟಿಯನ್ನೂ ಬಟ್ಟೆಯನ್ನೂ ಬೆರಳಗಲದ ಚೂರು ಮಾಡಿ ಒಲೆಗೆ ಹಾಕು. ಇದನ್ನು ಮೊದಲು ಮಾಡಿ, ಆಮೇಲೆ ಮುಂದೆ ಓದು.

ಮಾಡಿದೆಯಾ?

ಒಬ್ಬನೇ ಮಗನ ತಾಯಿ ಎಂದು ನಿನಗೆ ಬರೆದೆ. ಅದು ಸುಳ್ಳು. ಅವನಿಗಿಂತ ಮೊದಲು ಒಬ್ಬಳಿದ್ದಳು. ನಾಲ್ಕು ತಿಂಗಳು ಹತ್ತೊಂಬತ್ತು ದಿನ. ನನಗಾಗ ಇಪ್ಪತ್ತು ವರ್ಷ. ನಿನ್ನ ಮಾವ ಲಾರಿ ಓಡಿಸುತ್ತಿದ್ದ. ರಾತ್ರಿ ಓಡಿಸಿ ಹಗಲು ಮಲಗುತ್ತಿದ್ದ. ಮಗು ಅತ್ತರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಒಂದು ದಿನ ಚಕ್ರ ಬಿಚ್ಚುವ ಕಬ್ಬಿಣದಲ್ಲಿ ಹೊಡೆದ. ನನ್ನ ಎಡ ಭುಜ ಇಂದಿಗೂ ಮೇಲಕ್ಕೆ ಏಳುವುದಿಲ್ಲ, ನೀನು ಗಮನಿಸಿರಬಹುದು. ಆಮೇಲೆ ಚೀಲ ಹೊಲಿದೆ. ಕಲಿತದ್ದು ಅದೊಂದೇ ಕೆಲಸ. ಅವಳು ಹೊರಳಲು ಕಲಿತ ವಾರದಲ್ಲೇ, ಬೆಳಿಗ್ಗೆ ಕಟ್ಟಿ, ಮಲಗಿದ್ದವನ ಪಕ್ಕದಲ್ಲಿ ಬಿಟ್ಟು ಗೋದಾಮಿಗೆ ಹೋದೆ. ಮಧ್ಯಾಹ್ನ ಬಂದಾಗ ಅವನು ಗೊರಕೆ ಹೊಡೆಯುತ್ತಿದ್ದ. ಗಂಟು ಮೇಲಿತ್ತು. ನೀನು ಕಂಡ ಹಾಗೇ. ಆದರೆ ನಾನು ಎತ್ತಿದಾಗ ಮೈ ತಣ್ಣಗಿತ್ತು.

ಅವನು ಎದ್ದು, ಮಗು ಕೊಂದವಳೇ ಎಂದು ನನ್ನನ್ನು ಬೀದಿಯವರೆಗೆ ಒದ್ದುಕೊಂಡು ಬಂದ. ಆಮೇಲೆ ಊರಿಗೆಲ್ಲ, ದೇವರು ಕರೆದುಕೊಂಡ ಎಂದು ಹೇಳಿದೆವು. ಮೂವತ್ತು ವರ್ಷ ನನ್ನ ಸುಳ್ಳನ್ನು ದೇವರು ಹೊತ್ತ.

ಎರಡನೆಯ ಸಲವೂ ಚೀಲ ಯಾಕೆ ಹೊಲಿದೆ ಎಂದು ನೀನು ಕೇಳಬೇಕು. ಚೀಲದಲ್ಲಿ ತಪ್ಪಿಲ್ಲ ಎಂದು ತೋರಿಸಬೇಕಿತ್ತು ಮಗಳೇ. ಚೀಲದ ತಪ್ಪಾದರೆ ಅವಳನ್ನು ಕೊಂದವಳು ನಾನು. ನಿನ್ನ ಗಂಡ ಅದರಲ್ಲೇ ಬದುಕಿದ. ನೋಡು, ಚೀಲದ ತಪ್ಪಲ್ಲ, ದೇವರದೇ ಇಚ್ಛೆ ಎಂದುಕೊಂಡೆ. ಅವನು ಹೊರಳುವ ಕಾಲಕ್ಕೆ ನಾನು ಎರಡು ತಿಂಗಳು ಕೆಲಸ ಬಿಟ್ಟು, ಕಣ್ಣು ಮಿಟುಕಿಸದೆ ಪಕ್ಕದಲ್ಲೇ ಕೂತಿದ್ದೆ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ಮೂರನೆಯದನ್ನು ಹೊಲಿದು ನಿನಗೆ ಕಳಿಸಿದೆ. ನರ್ಸಮ್ಮನ ಮಾತು ಬರೆದೆಯಲ್ಲ, ಅದನ್ನು ನನಗೆ ಮೂವತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ.

ತಾಳಿಕೋ ಎಂದಿದ್ದೆ. ಆ ಮಾತನ್ನೂ ಕತ್ತರಿಸಿ ಒಲೆಗೆ ಹಾಕು. ಅವನಿಗೆ ಇವತ್ತೇ ಬರೆಯುತ್ತೇನೆ.

ನಿನ್ನ ಅತ್ತೆ

*

ಮಾರ್ಚ್ 19

ಮಗನೇ,

ನಿನ್ನ ಹೆಂಡತಿ ಎಲ್ಲ ಬರೆದಿದ್ದಾಳೆ. ತಂಬಿಗೆ, ಹಣೆ, ಐದರವರೆಗಿನ ಲೆಕ್ಕ, ಎಲ್ಲ. ನಿಮ್ಮಪ್ಪ ಸತ್ತ ದಿನ ಆ ಕೈಗಳನ್ನೂ ಸುಟ್ಟೆವು ಎಂದುಕೊಂಡಿದ್ದೆ. ಅವು ನಿನ್ನ ತೋಳಿಗೆ ಬಂದು ಅಂಟಿಕೊಂಡಿವೆ.

ಚೀಲ ಹೊಲಿದದ್ದು ನನ್ನ ತಪ್ಪು. ಮಗು ಹೊರಳುತ್ತಿದೆ, ಇನ್ನು ಕಟ್ಟಿದರೆ ಸಾಯುತ್ತದೆ. ನಿನಗೊಬ್ಬಳು ಅಕ್ಕ ಇದ್ದಳು, ಹಾಗೇ ಸತ್ತಳು. ಅವಳನ್ನು ಬಿಗಿದವಳು ನಾನು. ಮಗುವನ್ನು ಬಿಟ್ಟುಬಿಡು. ನಿದ್ದೆ ಬೇಕಿದ್ದರೆ ಕಾರ್ಖಾನೆಯ ಶೆಡ್ಡಿನಲ್ಲಿ ಮಲಗು. ಆ ಹುಡುಗಿಯ ಮೇಲೆ ಇನ್ನೊಂದು ಸಲ ಕೈ ಮಾಡಿದರೆ, ದೇವರಾಣೆ, ಹೆತ್ತವಳೆಂಬುದನ್ನು ಮರೆಯುತ್ತೇನೆ. ಮೂವತ್ತನೇ ತಾರೀಖು ಭಾನುವಾರ ಬರುತ್ತೇನೆ.

ಅಮ್ಮ

*

ಮಾರ್ಚ್ 24

ಅಮ್ಮ,

ನೀನು ಮೂಟೆ ಹೊಲಿ, ನನ್ನ ಮನೆ ಹೊಲಿಯಲು ಬರಬೇಡ.

ಅವಳು ನಿನ್ನ ಚೀಲ ಕತ್ತರಿಸಿ ಒಲೆಗೆ ಹಾಕಿದ್ದಾಳೆ. ಪಟ್ಟಿ ಅರ್ಧ ಸುಟ್ಟಿತ್ತು, ನಾನು ಎಳೆದು ತೆಗೆದೆ. ನಿನಗೆ ಕಾಗದ ಬರೆಯುವ ಬೆರಳುಗಳು ಈಗ ಕತ್ತರಿಯನ್ನೂ ಹಿಡಿಯುವುದಿಲ್ಲ, ಪೆನ್ನನ್ನೂ ಹಿಡಿಯುವುದಿಲ್ಲ. ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದೆ. ಸದ್ದು ಚೆನ್ನಾಗಿ ಬಂತು.

ಚೀಲ ಇಲ್ಲದಿದ್ದರೆ ಏನಾಯಿತು, ದಿಂಬಿನ ಗವಸು ಇದೆ. ಗಂಟು ಹಾಕಲು ನೀನೇ ಕಲಿಸಿದ್ದೀಯ. ಚಿಕ್ಕಂದಿನಲ್ಲಿ ಗೋದಾಮಿನಲ್ಲಿ ಕೂರಿಸಿಕೊಂಡು ಕಲಿಸಿದ್ದು ನೆನಪಿದೆಯಾ? ನಾನು ಸತ್ತೆನೇ ಅದರಲ್ಲಿ? ಕಥೆ ಕಟ್ಟಬೇಡ. ಬರಲೂ ಬೇಡ.

ನಿನ್ನ ಮಗ

*

ಏಪ್ರಿಲ್ 4, ಕಾರಾಗೃಹ, ಹೆಂಗಸರ ವಿಭಾಗ

ಮಗಳೇ,

ನಿನಗೆ ಪ್ರಜ್ಞೆ ಬಂತು, ಹಾಲು ಕುಡಿಸುತ್ತಿದ್ದೀಯ ಎಂದು ನರ್ಸಮ್ಮ ಬಂದು ಹೇಳಿದರು. ಅವತ್ತು ನಿನಗೆ ಎಚ್ಚರವಿರಲಿಲ್ಲ. ಏನಾಯಿತೆಂದು ನಾನೇ ಬರೆಯುತ್ತೇನೆ. ನಾಳೆ ಯಾರೋ ಬೇರೆ ಹೇಳುವುದಕ್ಕಿಂತ ಇದು ಮೇಲು. ಮಿಡತೆ ದೊಡ್ಡವಳಾದ ಮೇಲೆ ಓದಲಿ.

ಅವನ ಕಾಗದ ಗುರುವಾರ ಬೆಳಿಗ್ಗೆ ಗೋದಾಮಿಗೆ ಬಂತು. ಅರ್ಧ ಮೂಟೆ ಹೊಲಿದಿದ್ದೆ. ಅದನ್ನು ಹಾಗೇ ಬಿಟ್ಟು ಎದ್ದೆ. ಮೂವತ್ತೆರಡು ವರ್ಷದಲ್ಲಿ ಬಾಯಿ ಹೊಲಿಯದೆ ಬಿಟ್ಟ ಮೂಟೆ ಅದೊಂದೇ. ದಬ್ಬಣ ತಳ್ಳಲು ಅಂಗೈಗೆ ಕಟ್ಟಿಕೊಳ್ಳುವ ಚರ್ಮದ ತುಂಡನ್ನೂ ಬಿಚ್ಚಲಿಲ್ಲ, ದಬ್ಬಣ ಸೊಂಟದ ಸಂಚಿಯಲ್ಲೇ ಇತ್ತು. ಬಸ್ಸಿನಲ್ಲಿ ಪಕ್ಕ ಕೂತವಳು "ಯಾವೂರಿಗೆ ಹೊರಟ್ರಿ ಅಕ್ಕಾ, ಸೂಜಿ ಸಮೇತ?" ಎಂದು ನಕ್ಕಳು. ಮೊಮ್ಮಗಳನ್ನು ನೋಡಲು ಎಂದೆ.

ಹನ್ನೊಂದೂವರೆಗೆ ನಿಮ್ಮ ಬಾಗಿಲು ತಟ್ಟಿದೆ. ಅವನೇ ತೆರೆದ. ಒಂದು ಕೈಯನ್ನು ಚೌಕಟ್ಟಿಗೆ ಊರಿ ಅಡ್ಡ ನಿಂತ.

"ಸದ್ದು ಮಾಡಬೇಡ. ಮಗು ಮಲಗಿದೆ" ಅಂದ.

ತೀರಾ ಮೆಲ್ಲಗೆ ಅಂದ. ಅವರಪ್ಪನೂ ಹೊಡೆದು ಮುಗಿಸಿದ ಮೇಲೆ ಹೀಗೇ ಮೆಲ್ಲಗೆ ಮಾತಾಡುತ್ತಿದ್ದ. ತೋಳಿನ ಕೆಳಗಿಂದ ಒಳಗೆ ನೋಡಿದೆ. ನೀನು ಗೋಡೆಯ ಬುಡದಲ್ಲಿ ಬಿದ್ದಿದ್ದೆ. ಗೋಡೆಯ ಮೇಲೆ ತಲೆಯೆತ್ತರದಿಂದ ನೆಲದವರೆಗೆ ಒಂದು ಕೆಂಪು ಗೆರೆ ಎಳೆದಿತ್ತು. ಮಡಿಚಿದ ರಗ್ಗಿನ ಮೇಲೆ ದಿಂಬಿನ ಗವಸು. ಗವಸಿನ ಮೇಲೆ ನನ್ನ ಸುಟ್ಟ ಪಟ್ಟಿ. ಗಂಟು ಮೇಲಿತ್ತು.

"ಬೋರಲಾಗಿದೆ ಕಣೋ! ಬಿಡು ನನ್ನ!"

"ಮಲಗಿದೆ ಅಂದೆನಲ್ಲ."

"ಉಸಿರಾಡ್ತಿಲ್ಲ ಕಣೋ ಪಾಪಿ!"

"ಅಳದಿದ್ರೆ ಒಳ್ಳೆ ಮಗು ಅಂತ ನೀನೇ ಹೇಳ್ತಿದ್ದೆಯಲ್ಲಮ್ಮ" ಅಂದ. ಇನ್ನೊಂದು ಕೈಯಿಂದ ನನ್ನ ಗಂಟಲು ಹಿಡಿದು ಹಿಂದಕ್ಕೆ ತಳ್ಳಿದ.

ಯೋಚಿಸಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಯೋಚಿಸದೆ ಮಾಡಿದೆ ಎಂದರೂ ಸುಳ್ಳೇ. ದಬ್ಬಣ ತೆಗೆದು, ಮೂಟೆಯ ಬಾಯಿಗೆ ಹಾಕುವ ಹಾಗೆ ಮಣಿಕಟ್ಟು ತಿರುಗಿಸಿ, ಅಂಗೈಯ ಚರ್ಮದಿಂದ ತಳ್ಳಿದೆ. ಚೌಕಟ್ಟಿನ ಮೇಲಿದ್ದ ಅವನ ಹಸ್ತದೊಳಗೆ ಹೋಗಿ ಮರಕ್ಕೆ ಕೂತಿತು. ಅವನು ಕೂಗಿದ. ನಾನೇ ಹೆತ್ತ ಗಂಟಲು ಅದು, ಗುರುತು ಸಿಕ್ಕಿತು. ಕಾಲು ಮಾತ್ರ ನಿಲ್ಲಲಿಲ್ಲ. ತೋಳಿನಡಿ ನುಗ್ಗುವಾಗ ಗುದ್ದಿದ. ಮುಂದಿನ ಎರಡು ಹಲ್ಲು ನಾಲಗೆಯ ಮೇಲೆ ಬಂದವು. ಉಗುಳುವ ಪುರುಸೊತ್ತಿರಲಿಲ್ಲ.

ಗಂಟು ಬಿಚ್ಚಿಕೊಳ್ಳಲಿಲ್ಲ ಮಗಳೇ. ನನ್ನದೇ ಗಂಟು. ಕಾಳು ಚೆಲ್ಲದ ಗಂಟು. ಉಗುರು ಕಿತ್ತುಬಂತು, ಅದು ಅಲುಗಲಿಲ್ಲ. ಹಲ್ಲು ಹಾಕಿದೆ, ಕಚ್ಚಲು ಮುಂದಿನ ಹಲ್ಲೇ ಇಲ್ಲ. ದವಡೆಗೆ ಸಿಕ್ಕಿಸಿ ಅಗಿದೆ. ಪಟ್ಟಿ ಹರಿಯುವ ಹೊತ್ತಿಗೆ ಗವಸೆಲ್ಲ ನನ್ನ ಬಾಯಿಯ ರಕ್ತ. ಹೊರಗೆ ತೆಗೆದರೆ ಮೈ ಬಿಸಿ ಇತ್ತು, ಮುಖ ನೀಲಿ. ಅವಳ ಮೂಗು ಬಾಯಿ ಎರಡನ್ನೂ ನನ್ನ ಬಾಯೊಳಗೆ ತೆಗೆದುಕೊಂಡು ಊದಿದೆ. 'ದೇವರೇ, ಹೋದ ಸಲ ನಿನ್ನ ಮೇಲೆ ಹಾಕಿದೆ. ಈ ಸಲ ನನ್ನ ಮೇಲೆ ಹಾಕು' ಎಂದೆ. ಊದಿದೆ. ಮತ್ತೆ ಊದಿದೆ.

ಅತ್ತಳು.

ಕಿಟಕಿಯ ಗಾಜು ಅದುರುವ ಹಾಗೆ ಅತ್ತಳು. ಅವನು ದಬ್ಬಣ ಕಿತ್ತುಕೊಂಡು ನನ್ನ ಬೆನ್ನಿಗೆ ಒದೆಯುತ್ತಿದ್ದ. ನಾನು ಅವಳ ಮೇಲೆ ಗೂಡಿನ ಹಾಗೆ ಬಾಗಿದ್ದೆ. ಒದೆ ಬಿದ್ದಾಗಲೆಲ್ಲ, 'ಅಳು, ಇನ್ನೂ ಅಳು' ಎಂದೆ. ಇಷ್ಟು ದಿನ ಆ ಮನೆಯಿಂದ ಸದ್ದೇ ಬಾರದ್ದರಿಂದ ನೆರೆಯವರು ಸುಮ್ಮನಿದ್ದರಂತೆ. ಅಳು ಕೇಳಿ ಬಂದರು. ಎದುರುಮನೆಯ ಬೆಸುಗೆಯವನು, ಅವನ ಹೆಂಡತಿ, ಅವಳ ಕೈಯಲ್ಲಿ ಸುತ್ತಿಗೆ. ನಾಲ್ಕು ಜನ ಹಿಡಿದರೂ ಅವನು ಒದೆಯುತ್ತಲೇ ಇದ್ದ.

ಠಾಣೆಯಲ್ಲಿ ಎಲ್ಲ ಒಪ್ಪಿಕೊಂಡೆ. ಮೂವತ್ತು ವರ್ಷದ ಹಿಂದಿನದನ್ನೂ ಬರೆದುಕೊಳ್ಳಿ, ಅಲ್ಲಿಂದ ಶುರುವಾದದ್ದು ಎಂದೆ. ಬರೆಯುವವನು ಪೆನ್ನು ಕೆಳಗಿಟ್ಟ. "ಅಷ್ಟು ಹಳೇದಕ್ಕೆ ಈ ಕಾಗದದಲ್ಲಿ ಜಾಗ ಇಲ್ಲ ಅಜ್ಜಿ" ಅಂದ.

ಅವನ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಅವನಿಗೂ ಇಂಥದೇ ಒಂದು ಕೋಣೆ ಸಿಕ್ಕಿದೆ, ಬೇರೆ ಕಡೆ. ಹೆತ್ತ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಉರಿಯಲಿ.

ನಿನ್ನ ಅತ್ತೆ

*

ಮೇ 6

ಅತ್ತೆಯವರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಮೂರು ಬೆರಳು ಒಂದೊಂದು ದಿಕ್ಕಿಗೆ ನೋಡುತ್ತವೆ, ಜಗಳವಾಡಿದ ನಾದಿನಿಯರ ಹಾಗೆ. ಒಂದು ಕಿವಿ ಪೂರ್ತಿ ಹೋಗಿದೆ. ನರ್ಸಮ್ಮ ಆರೋಗ್ಯ ಕೇಂದ್ರದ ಹಿಂದಿನ ಕೋಣೆ ಕೊಡಿಸಿದ್ದಾರೆ. ಮದುವೆಗೆ ಮೊದಲು ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆ, ಇಲ್ಲೂ ಅದೇ ಕೆಲಸ, ಒಗೆಯುವುದು, ಇಸ್ತ್ರಿ ಹಾಕುವುದು.

ನಿಮ್ಮ ಕಾಗದ ಓದಿದೆ. ಎರಡು ಸಲ. ಮೂರನೆಯ ಸಲ ಆಗಲಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ನಾನು ನಿಮ್ಮನ್ನು ಕ್ಷಮಿಸಿಲ್ಲ. ಚೀಲ ಕಳಿಸಿದವರು ನೀವು. ತಾಳಿಕೋ ಎಂದವರು ನೀವು. ನಾನು ಬರೆದೆನೆಂದು ಹೇಳಬೇಡಿ ಎಂದು ಕಾಲು ಹಿಡಿದರೂ, ಮೊದಲ ಸಾಲಿನಲ್ಲೇ ಹೇಳಿದವರು ನೀವು. ನನ್ನ ಬೆರಳು ಬಾಗಿಲ ಸಂದಿಗೆ ಹೋದದ್ದು ಆ ಒಂದು ಸಾಲಿಗೆ. ಬಾಗಿಲು ನುಗ್ಗಿದವರೂ ನೀವೇ. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ ತೂಗಲು ನನಗೆ ಬರುವುದಿಲ್ಲ. ಮುಂದೊಂದು ದಿನ ಬರುತ್ತದೋ ನೋಡೋಣ.

ಮಿಡತೆಗೆ ಆರು ತಿಂಗಳು. ಗಟ್ಟಿ ಹಾಸಿಗೆ, ಅದರ ಮೇಲೊಂದು ಹಾಸುಬಟ್ಟೆ, ಬೇರೇನೂ ಇಲ್ಲ. ಬಡವರ ಮನೆಯ ಹಾಗೆ ಬೋಳು ತೊಟ್ಟಿಲು ಎಂದು ಯಾರೋ ಅಂದರು. ಇರಲಿ. ಅಂಗಾತ ಮಲಗಿಸುತ್ತೇನೆ. ಹತ್ತು ನಿಮಿಷಕ್ಕೆ ಹೊರಳುತ್ತಾಳೆ, ಎರಡೂ ಕೈ ಊರಿ ತಲೆಯೆತ್ತುತ್ತಾಳೆ, ಮುಖವನ್ನು ಒಂದು ಬದಿಗಿಟ್ಟು ಮಲಗುತ್ತಾಳೆ. ಮೊದಮೊದಲು ರಾತ್ರಿಯೆಲ್ಲ ಅವಳ ಮೂಗಿನ ಹತ್ತಿರ ಕೈಯಿಟ್ಟುಕೊಂಡೇ ಕೂತಿರುತ್ತಿದ್ದೆ. ಈಗ ನಾನೂ ಸ್ವಲ್ಪ ಮಲಗುತ್ತೇನೆ. ಅತ್ತರೆ, ಅಳಲು ಬಿಟ್ಟು ಒಂದು ಗಳಿಗೆ ಕೇಳುತ್ತೇನೆ. ಆಮೇಲೆ ಎತ್ತಿಕೊಳ್ಳುತ್ತೇನೆ.

ಆ ಹಾಸುಬಟ್ಟೆ ಸಡಿಲ. ಅವಳು ಚಿಮ್ಮಿದರೆ ಮೂಲೆ ಕಿತ್ತುಬಂದು ಮುಖದ ಹತ್ತಿರ ಸುರುಟಿಕೊಳ್ಳುತ್ತದೆ. ನನ್ನ ಕೈಯಲ್ಲಿ ಹೊಲಿಯಲಾಗುವುದಿಲ್ಲ. ಹಾಸಿಗೆಯ ಅಳತೆ ಹಿಂದುಗಡೆ ಬರೆದಿದ್ದೇನೆ. ನಾಲ್ಕು ಮೂಲೆಯಲ್ಲೂ ಹಾಸಿಗೆಯಡಿಗೆ ಬಿಗಿಯಾಗಿ ಕೂರಬೇಕು, ಪಟ್ಟಿ ಇರಬಾರದು, ಗಂಟು ಇರಬಾರದು. ನಿಮ್ಮ ಹೊಲಿಗೆ ಹರಿಯುವುದಿಲ್ಲವಲ್ಲ.

ನಿಮ್ಮ ಸೊಸೆ

*

ಮೇ 20

ಮಗಳೇ,

ಇಲ್ಲಿ ದಬ್ಬಣ ಕೊಡುವುದಿಲ್ಲ. ಯಾಕೆಂದು ನಿನಗೆ ಹೇಳಬೇಕಿಲ್ಲ. ಕಾವಲಿನಾಕೆ ಒಂದು ಸಣ್ಣ ಸೂಜಿ ಕೊಟ್ಟು, ಎದುರಿಗೇ ಕೂತು, ಸಂಜೆ ಎಣಿಸಿ ವಾಪಸು ತೆಗೆದುಕೊಳ್ಳುತ್ತಾಳೆ. "ಒಂದೇ ಸೂಜಿಯನ್ನ ಎಷ್ಟು ಸಲ ಎಣಿಸ್ತೀಯೇ?" ಎಂದು ಕೇಳಿದೆ. ನಕ್ಕಳು. ಹಾಸುಬಟ್ಟೆಗೆ ಎಂಟು ದಿನ ಹಿಡಿಯಿತು. ಮೂಲೆಗಳಿಗೆ ಮೂರು ಸುತ್ತು ಹಾಕಿದ್ದೇನೆ. ಮುಖ ತಾಗುವ ಕಡೆ ಒಂದು ದಾರದ ತುದಿಯೂ ಇಲ್ಲ, ಕೆನ್ನೆ ಒತ್ತಿ ನೋಡಿದ್ದೇನೆ.

ಕ್ಷಮಿಸಿಲ್ಲ ಎಂದು ಬರೆದದ್ದು ಒಳ್ಳೆಯದಾಯಿತು. ಕ್ಷಮಿಸಿದೆ ಎಂದಿದ್ದರೆ, ಮೆಟ್ಟಿಲ ಮೇಲೆ ಬಿದ್ದೆ ಎಂದ ಹಾಗೇ ಓದುತ್ತಿದ್ದೆ.

ಒಂದು ಕೇಳುತ್ತೇನೆ, ಇಷ್ಟವಿದ್ದರೆ ಬರೆ. ಹೊರಳಿದ ಮೇಲೆ ಮಿಡತೆ ಮುಖವನ್ನು ಯಾವ ಬದಿಗೆ ಇಟ್ಟು ಮಲಗುತ್ತಾಳೆ? ನನ್ನ ಮೊದಲನೆಯವಳು ಎಡಕ್ಕೆ ಇಡುತ್ತಿದ್ದಳು, ಕೈ ಬಿಡಿಯಾಗಿದ್ದಾಗ.

ಇಬ್ಬರು ಮಕ್ಕಳ ತಾಯಿ,
ನಿನ್ನ ಅತ್ತೆ